ಕಿವಿಯ ಹಿಂದೆ ಉಳಿದ ಬಿಳಿ ಬಣ್ಣ

ಮೊನ್ನೆ ಮಗಳ ಶಾಲೆಯಲ್ಲಿ ವೇಷಭೂಷಣ ಸ್ಪರ್ಧೆ. ಅವಳಿಗೆ ಸಿನಿಮಾದ ಹಾರುವ ಹೀರೋ ಆಗಬೇಕು, ಮುಖವೂ ಅವನಂತೆ ಬೆಳ್ಳಗಿರಬೇಕು. ಬಿಳಿ ಪುಡಿಗೆ ಕೊಬ್ಬರಿ ಎಣ್ಣೆ ಹಾಕಿ ಅಂಗೈಯಲ್ಲಿ ಕಲೆಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಸಪೇಟೆಯ ನನ್ನ ಅಡುಗೆಮನೆ ಎಲ್ಲೋ ಕರಗಿಹೋಗಿ, ದೋಣಿಮಲೈ ಗಣಿ ಕ್ವಾರ್ಟರ್ಸಿನ ನಮ್ಮ ಗೇಟಿನ ಹತ್ತಿರ ಮತ್ತೆ ಚಿಕ್ಕ ಹುಡುಗಿಯಾಗಿ ನಿಂತಿದ್ದೆ...

ಸುಗ್ಗಿ ಮುಗಿದ ಮೇಲೆ ಕಂಪ್ಲಿ ಕಡೆಯಿಂದ ಹಗಲುವೇಷದವರೊಬ್ಬರು ಬರುತ್ತಿದ್ದರು. ಮಕ್ಕಳ ಬಾಯಲ್ಲಿ ವೇಷದ ಮಾಮ. ಇವತ್ತು ರಾಜ, ನಾಳೆ ಪೊಲೀಸ್ ಸಾಹೇಬ, ನಾಡಿದ್ದು ಹುಲಿ. ವೇಷದಲ್ಲಿರುವಾಗ ಅವರು ಕೈಯೊಡ್ಡುತ್ತಿರಲಿಲ್ಲ. ಕೊನೆಯ ದಿನ ಬಣ್ಣ ತೊಳೆದು, ಬರಿ ಮುಖದಲ್ಲಿ ಮನೆಮನೆಗೆ ಬಂದು ಕೊಟ್ಟದ್ದನ್ನು ತೆಗೆದುಕೊಂಡು ಹೋಗುವುದು ಅವರ ಪದ್ಧತಿ. ಆ ದಿನ ನಾನು ಪ್ರತಿ ಸಲ ಶಾಲೆಯಲ್ಲಿರುತ್ತಿದ್ದೆ.

ಆ ವರ್ಷ ನಮಗೆಲ್ಲ ಒಂದೇ ಸಿನಿಮಾದ ಹುಚ್ಚು. ಹಸಿರು ಶಾಲು ಹೊದ್ದವನೊಬ್ಬ ಆಕಾಶದಿಂದ ಇಳಿದು ಊರು ಉಳಿಸುವ ಕಥೆ. ಆ ವೇಷ ಹಾಕಿರೆಂದು ಮಾಮನ ಜೀವ ತಿಂದೆವು. ಪಾಪ, ಬಸ್ಸು ಹತ್ತಿ ಹೊಸಪೇಟೆಗೆ ಹೋಗಿ ನೋಡಿ ಬಂದರು. ಮರುದಿನ ಹಸಿರು ಶಾಲು ಏನೋ ಇತ್ತು, ಆದರೆ ಮುಖದ ತುಂಬ ನಮ್ಮ ಗುಡ್ಡದ ಅದಿರಿನ ಕೆಂಪು ಮಣ್ಣು, ತಲೆಗೆ ಗಣಿ ಕೂಲಿಯವರ ಟೋಪಿ.

"ಹೀರೋ ಹಿಂಗಿಲ್ಲ ಮಾಮ, ಬೆಳ್ಳಗದಾನ," ಅಂದವಳು ನಾನೇ.

"ನೋಡೀನವ್ವ. ಅದರಾಗ ನಮ್ಮಂಥವ ಒಬ್ಬವ ಬರ್ತಾನ, ಬುಟ್ಟಿ ಹೊತ್ಕೊಂಡು. ಚೀರ್ಕೋಂತ ಓಡ್ತಾನ, ಹೀರೋ ಅವನ್ನ ಎತ್ತಿ ಆ ಕಡಿ ಇಡ್ತಾನ. ಅಷ್ಟ. ಅವನೂ ಒಮ್ಮಿ ಹಾರ್ಲಿ ಅಂತ ಮಾಡೀನಿ."

ಯಾರಿಗೂ ಹಿಡಿಸಲಿಲ್ಲ. ಶಿಫ್ಟು ಮುಗಿಸಿ ಅದೇ ಮಣ್ಣು ಮೆತ್ತಿಕೊಂಡು ಬಂದಿದ್ದ ಅಪ್ಪನೂ, "ಇದನ್ನ ದಿನಾ ನೋಡ್ತೀವಲ್ರಿ, ಹೀರೋನ್ನ ತೋರ್ಸ್ರಿ" ಅಂದ. ಮಾಮ ನಕ್ಕು ಟೋಪಿ ತೆಗೆದರು. ಹೊಟ್ಟೆಪಾಡು ನೋಡಿ.

ಮರುದಿನ ಮುಖಕ್ಕೆ ಕೊಬ್ಬರಿ ಎಣ್ಣೆ ವಾಸನೆಯ ಬಿಳಿ ಬಣ್ಣ ದಪ್ಪಗೆ ಬಳಿದುಕೊಂಡು ಬಂದರು. ಈಗ ಕುರ್ಚಿ ಬಂತು, ಚಹಾ ಬಂತು, ಇಡೀ ಸಾಲಿನ ಮನೆಯವರು ಚಪ್ಪಾಳೆ ತಟ್ಟಿದರು. ಕಾಂಪೌಂಡ್ ಗೋಡೆಯಿಂದ ಅವರು ಜಿಗಿದಾಗ ಹಸಿರು ಶಾಲು ಬಿಚ್ಚಿಕೊಂಡು ಗಾಳಿಯಲ್ಲಿ ನಿಂತೇಬಿಟ್ಟಿತು... ಅವರು ನೆಲ ಮುಟ್ಟಿದ್ದು ನನಗೆ ನೆನಪೇ ಇಲ್ಲ.

ಕೊನೆಯ ದಿನ ಅದೇಕೋ ಶಾಲೆಗೆ ರಜೆ. ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು, ನಾನು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆ. ಗೇಟಿನ ಹತ್ತಿರ ಯಾರೋ ಬಂದು ನಿಂತರು. ಮಾಸಿದ ಅಂಗಿ, ಕಂಕುಳಲ್ಲಿ ಚೀಲ. ನಾನು ಪೂರ್ತಿ ತಲೆ ಎತ್ತಲೂ ಇಲ್ಲ.

"ಮುಂದಕ್ಕ ಹೋಗ್ರಿ," ಅಂದೆ.

"ಆತವ್ವ."

ದನಿ ಕೇಳಿ ತಲೆ ಎತ್ತುವಷ್ಟರಲ್ಲಿ ಅವರು ತಿರುಗಿ ಹೊರಟಿದ್ದರು. ಕಿವಿಯ ಹಿಂದೆ, ತೊಳೆದರೂ ಹೋಗದೆ ಉಳಿದ ಬಿಳಿ ಬಣ್ಣ... ಕೂಗಬಹುದಿತ್ತು. ನಾಚಿಕೆಯಾಗಿ ಮತ್ತೆ ಬಿಲ್ಲೆಯ ಕಡೆ ಬಗ್ಗಿದೆ. ಒಳಗೆ ಅವ್ವ ಅವರಿಗೆಂದೇ ಮೊರದಲ್ಲಿ ಅಕ್ಕಿ, ಅಪ್ಪನದೊಂದು ಅಂಗಿ ತೆಗೆದಿಟ್ಟಿದ್ದಳು. ಸಂಜೆ, "ವೇಷದವರು ಬರಲೇ ಇಲ್ಲಲ್ಲ?" ಅಂದಳು. ನಾನು ಇಲ್ಲ ಅಂದೆ. ಮರುವರ್ಷ ಅವರು ನಿಜವಾಗಿಯೂ ಬರಲಿಲ್ಲ. ಆಮೇಲೂ ಬರಲಿಲ್ಲ.

"ಜಲ್ದಿ ಹಚ್ಚವ್ವ," ಅಂತ ಮಗಳು ಮುಖ ಮುಂದೆ ಮಾಡಿ ನಿಂತಿದ್ದಳು. ನನ್ನಿಂದಾಗಲಿಲ್ಲ. ಕೈ ತೊಳೆದುಕೊಂಡು, ನಿನ್ನ ಮುಖದಲ್ಲೇ ಹೋಗು ಅಂದೆ. ಬಹುಮಾನ ಬರಲಿಲ್ಲ, ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಮಾಮ ಇದ್ದಾರೋ ಇಲ್ಲವೋ ಗೊತ್ತಿಲ್ಲ. ರಾಜ, ಪೊಲೀಸ್, ಹುಲಿ, ಗೋಡೆಯಿಂದ ಜಿಗಿದ ಹೀರೋ, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ನಾಳೆ ಸಂತೆಯಲ್ಲಿ ಅವರೇ ಎದುರಿಗೆ ಬಂದರೂ ನನಗೆ ಗುರುತು ಸಿಗುವುದಿಲ್ಲ. ಅವರ ಮುಖವನ್ನು ನಾನು ನೋಡಲೇ ಇಲ್ಲ.