ಸೆಂಟರ್ ಫಾರ್ವರ್ಡ್ ಹೊಡೆದ ಎರಡು ಗೋಲು

ಅಣ್ಣ ಬದುಕಿದ್ದ ಕೊನೆಯ ಪೂರ್ತಿ ದಿನ ಒಂದು ಶುಕ್ರವಾರ. ಮೇ ತಿಂಗಳು. ಬೆಳಿಗ್ಗೆ ಏಳೂವರೆಗೆ ಅವನು ಮುನಿರ್ಕಾದ ನನ್ನ ಬಾಡಿಗೆ ಕೋಣೆಯ ಕೆಳಗೆ ಸ್ಕೂಟರ್ ನಿಲ್ಲಿಸಿ ಒಂದೇ ಸಮ ಹಾರ್ನ್ ಹೊಡೆದ. ಮೂರನೇ ಮಹಡಿಯಿಂದ ಬಗ್ಗಿ ನೋಡಿದರೆ ಹೆಗಲ ಮೇಲೆ ಹಾಕಿ ಸ್ಟಿಕ್ಕು, ಮುಖದಲ್ಲಿ ನಗು.

"ಏಳಯ್ಯಾ ಪತ್ರಕರ್ತ! ಇವತ್ತು ಮ್ಯಾಚ್ ಇದೆ. ಕ್ರಿಕೆಟ್ ಬಿಟ್ಟು ಬೇರೆ ಆಟಾನೂ ಇದೆ ಅಂತ ನಿಮ್ಮ ಪೇಪರ್‌ನೋರಿಗೆ ಗೊತ್ತಾಗ್ಲಿ."

"ನೀನು ಟೀಮಲ್ಲೇ ಇಲ್ವಲ್ಲೋ ಅಣ್ಣ."

"ಇವತ್ತು ಇದೀನಿ. ನಮ್ಮ ಸೆಂಟರ್ ಫಾರ್ವರ್ಡ್ ಕಾಲು ಉಳುಕಿಸ್ಕೊಂಡಿದಾನೆ. ಆರು ಗಂಟೆಗೇ ಮ್ಯಾನೇಜರ್ ಫೋನ್ ಮಾಡಿದ್ರು."

ಅವನಿಗೆ ಆಗ ನಲವತ್ತೊಂದು. ಮೈಸೂರಿನ ಕ್ರೀಡಾ ಹಾಸ್ಟೆಲಿನಲ್ಲಿದ್ದು ಹಾಕಿ ಕಲಿತವನು. ಆ ಆಟದಿಂದಲೇ ದೆಹಲಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು, ಕಿದ್ವಾಯಿ ನಗರದಲ್ಲಿ ಕ್ವಾರ್ಟರ್ಸ್ ಸಿಕ್ಕಿತ್ತು. ಎರಡು ವರ್ಷದ ಹಿಂದೆ ವಯಸ್ಸಾಯಿತೆಂದು ಕಚೇರಿ ತಂಡದಿಂದ ಬಿಟ್ಟಿದ್ದರು. ಅದನ್ನು ಅವನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಆದರೆ ಬೆಳಗಿನ ಓಟ ಬಿಟ್ಟಿರಲಿಲ್ಲ. ನಾನು ಪಿಯುಸಿ ಮುಗಿಸಿ ಅವನ ಹಿಂದೆಯೇ ದೆಹಲಿಗೆ ಬಂದವನು. ಒಂದು ಕನ್ನಡ ಪತ್ರಿಕೆಯ ದೆಹಲಿ ಕಚೇರಿಗೆ ಟೈಪಿಸ್ಟ್ ಆಗಿ ಸೇರಿದೆ. ಅಲ್ಲಿದ್ದ ಹಿರಿಯರು ಯಾರೂ ಹೋಗಲು ಒಪ್ಪದ ಸುದ್ದಿಗಳಿಗೆ ಹೋಗುತ್ತಾ ಹೋಗುತ್ತಾ ವರದಿಗಾರನಾದೆ. ಹಾಕಿ ಅಂಥ ಸುದ್ದಿಗಳಲ್ಲೊಂದು.

ಸ್ಟಿಕ್ಕನ್ನು ನಾನು ಹಿಡಿದುಕೊಂಡು ಹಿಂದೆ ಕೂತೆ. ಮೆಹ್ರೌಲಿ ದಾಟಿ ಬದರ್‌ಪುರದ ರಸ್ತೆ ಹಿಡಿದು ಲಾರಿಗಳ ಹೊಗೆಯಲ್ಲೇ ಫರೀದಾಬಾದ್ ಕಡೆಗೆ ಹೋದೆವು. ದಾರಿಯಲ್ಲಿ ಒಂದು ಕಡೆ ನಿಲ್ಲಿಸಿ ನಿಂಬೂಪಾನಿ ಕುಡಿದೆವು. "ಭಯ್ಯಾ, ಉಪ್ಪು ಜಾಸ್ತಿ ಹಾಕು, ಇವತ್ತು ಓಡಬೇಕು" ಎಂದು ಅಣ್ಣ ಹಿಂದಿಯಲ್ಲಿ ಹೇಳಿದ್ದು ನೆನಪಿದೆ.

ಅದು ಸರ್ಕಾರಿ ಕಚೇರಿಗಳ ನಡುವಿನ ಹಾಕಿ ಟೂರ್ನಿ, ಆಟ ಒಂಬತ್ತಕ್ಕೆ ಎಂದು ಆಹ್ವಾನ ಪತ್ರದಲ್ಲಿತ್ತು. ನಾವು ಹೋದಾಗ ಮೈದಾನದಲ್ಲಿ ಅಧಿಕಾರಿಗಳು ಕ್ರಿಕೆಟ್ ಆಡುತ್ತಿದ್ದರು. ಟೂರ್ನಿಯ ಉದ್ಘಾಟನೆಗೆ ಬಂದವರು, ಬಂದ ಮೇಲೆ ಒಂದು ಸ್ನೇಹದ ಪಂದ್ಯ ಆಡೋಣ ಎಂದರಂತೆ. ಅವರಿಗೆ ಶಾಮಿಯಾನ, ಕೂಲರ್, ಐಸ್ ಹಾಕಿದ ಶರಬತ್ತು. ಹಾಕಿ ಆಟಗಾರರಿಗೆ ಗೋಡೆಯ ಪಕ್ಕದ ಒಂದು ಬೇವಿನ ಮರ, ಬಿಸಿಲಿಗೆ ಕಾದ ಡ್ರಮ್ಮಿನ ನೀರು. ಒಂಬತ್ತು ಹತ್ತಾಯಿತು, ಹನ್ನೊಂದಾಯಿತು, ಹನ್ನೆರಡಾಯಿತು. ಒಬ್ಬರಾದರೂ ಹೋಗಿ ಕೇಳಲಿಲ್ಲ. ಕೇಳಬೇಕಾದವನು ನಾನು, ನನ್ನ ಕೈಯಲ್ಲಿ ಪೆನ್ನಿತ್ತು. ನಾನೂ ಕೇಳಲಿಲ್ಲ.

ತಂಡದ ಮ್ಯಾನೇಜರ್ ಅಣ್ಣನ ಕಚೇರಿಯ ಸೆಕ್ಷನ್ ಆಫೀಸರ್. ಆಟಗಾರರ ಪಟ್ಟಿಯಲ್ಲಿ ಅಣ್ಣನ ಹೆಸರಿಲ್ಲವಲ್ಲ ಎಂದು ನಾನು ಕೇಳಿದ್ದಕ್ಕೆ ಅವರು ನಕ್ಕರು.

"ಅರೆ ಛೋಡೋ ಯಾರ್. ಪಟ್ಟಿ ಮೇಲಿನಿಂದ ಸಹಿಯಾಗಿ ಬಂದಿದೆ, ಇವತ್ತು ಯಾರು ಬದಲಾಯಿಸ್ತಾರೆ? ಒಂಬತ್ತು ನಂಬರ್ ಜರ್ಸಿ ಹಾಕ್ಕೊಳ್ಳಲಿ, ಹೆಸರು ಕಾಲು ಉಳುಕಿದವನದೇ ಇರಲಿ." ಆಮೇಲೆ ಅಣ್ಣನಿಗೆ ಹೇಳಿದರು: "ನೀನು ಇವತ್ತಿಗೆ ಒಂದು ಸಿ.ಎಲ್. ಬರೆದುಕೊಡು. ಸೋಮವಾರ ಅದನ್ನ ಡ್ಯೂಟಿ ಅಂತ ಮಾಡಿಸ್ತೀನಿ."

ಸಿ.ಎಲ್. ಎಂದರೆ ಸಾಂದರ್ಭಿಕ ರಜೆ. ಪಟ್ಟಿಯಲ್ಲಿದ್ದವರೆಲ್ಲರೂ ಅಂದು ಡ್ಯೂಟಿಯ ಮೇಲಿದ್ದರು. ಅಣ್ಣ ಒಬ್ಬ ಮಾತ್ರ ರಜೆಯ ಮೇಲೆ. ಕಚೇರಿ ತಂಡಗಳಲ್ಲಿ ಇದು ಹೊಸತಲ್ಲ, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಆಡುವುದು ನಡೆದೇ ಇತ್ತು. ಅಣ್ಣ ಸ್ಕೂಟರಿನ ಸೀಟಿನ ಮೇಲಿಟ್ಟುಕೊಂಡು ಆ ಅರ್ಜಿ ಬರೆದ. ಹಾಳೆ ಕೊಟ್ಟವನು ನಾನೇ, ನನ್ನ ನೋಟ್‌ಬುಕ್ಕಿನಿಂದ ಹರಿದು.

ಕಾಲು ಉಳುಕಿದ್ದ ಸೆಂಟರ್ ಫಾರ್ವರ್ಡ್ ಬ್ಯಾಂಡೇಜ್ ಕಟ್ಟಿಕೊಂಡು ಮರದ ಕೆಳಗೆ ಕೂತಿದ್ದ. ಸೋನಿಪತ್ ಕಡೆಯ ಹುಡುಗ, ಒಳ್ಳೆಯ ಆಟಗಾರ.

"ಭಾಯಿ ಸಾಹಬ್, ನನ್ನ ಹೆಸರು ಕೆಡಿಸಬೇಡಿ" ಎಂದ.

"ನಿನ್ನ ಹೆಸರಿಗೆ ಇವತ್ತೇ ಮೊದಲ ಸಲ ಮರ್ಯಾದೆ ಬರೋದು, ಕೂತ್ಕೊಂಡು ನೋಡು" ಎಂದು ಅಣ್ಣ ಹೇಳಿದ. ಎಲ್ಲರೂ ನಕ್ಕರು.

ಆಟ ಶುರುವಾದಾಗ ಮಧ್ಯಾಹ್ನ ಒಂದೂವರೆ. ಆ ಮೈದಾನದಲ್ಲಿ ಹುಲ್ಲಿರಲಿಲ್ಲ, ಗಟ್ಟಿ ಮಣ್ಣು. ಬಿಸಿಗಾಳಿಗೆ ಸುಣ್ಣದ ಗೆರೆ ಹಾರಿಹೋಗುತ್ತಿತ್ತು. ಅಧಿಕಾರಿಗಳು ಊಟ ಮುಗಿಸಿ ಕಾರು ಹತ್ತಿದ್ದರು. ಅಣ್ಣ ಮೊದಲರ್ಧದಲ್ಲಿ ಒಂದು ಗೋಲು ಹೊಡೆದ. ಎರಡನೆಯದು ಆಟ ಮುಗಿಯುವುದಕ್ಕೆ ಸ್ವಲ್ಪ ಮುಂಚೆ. ಗೋಲ್‌ಕೀಪರನ ಪ್ಯಾಡಿಗೆ ಬಡಿದು ವಾಪಸ್ ಬಂದ ಚೆಂಡನ್ನು ಮೊಣಕಾಲೂರಿ ಒಳಗೆ ತಳ್ಳಿದ. ಎದ್ದು ನಿಲ್ಲಲು ತುಸು ಹೊತ್ತು ಹಿಡಿಯಿತು. ವಯಸ್ಸು ಅಂದುಕೊಂಡೆ. ಎರಡು–ಒಂದರಿಂದ ಗೆದ್ದರು.

ನಾನು ಕಚೇರಿಗೆ ಬಂದು ವರದಿ ಬರೆದೆ. ನಮ್ಮ ಬ್ಯೂರೋ ಮುಖ್ಯಸ್ಥರು ನಾನು ಸೇರಿದ ಮೊದಲ ವಾರವೇ ಒಂದು ಮಾತು ಹೇಳಿಕೊಟ್ಟಿದ್ದರು: "ನಮ್ಮವರ ಹೆಸರು ನಮ್ಮ ಕೈಯಿಂದ ಅಚ್ಚಾಗಬಾರದು." ಹೆಚ್ಚು ಓದದ ನನಗೆ ಆ ಮಾತಿನಲ್ಲಿ ದೊಡ್ಡ ಹೆಮ್ಮೆ ಇತ್ತು. ಊರಿನಿಂದ ಬಂದ ನೆಂಟರು ಮದುವೆಯ ಫೋಟೋ ಹಾಕಿಸು ಎಂದರೂ ಹಾಕಿಸಿದವನಲ್ಲ. ಹಾಗಾಗಿ ಅಣ್ಣನ ಹೆಸರು ಬರೆಯಲಿಲ್ಲ. ಪಟ್ಟಿಯಲ್ಲಿದ್ದ ಹೆಸರು ಬರೆದರೆ ಸುಳ್ಳಾಗುತ್ತದೆ, ಅದನ್ನೂ ಬರೆಯಲಿಲ್ಲ. "ಸೆಂಟರ್ ಫಾರ್ವರ್ಡ್ ಆಟಗಾರ ಎರಡು ಗೋಲು ಹೊಡೆದು ಗೆಲುವು ತಂದರು" ಎಂದು ಬರೆದು ಬೆಂಗಳೂರಿಗೆ ಕಳಿಸಿದೆ. ಎರಡೂ ಕಡೆ ಪ್ರಾಮಾಣಿಕನಾಗಿ ಉಳಿದೆ ಎಂದು ಸಮಾಧಾನವೂ ಆಯಿತು.

ಸಂಜೆ ಅಣ್ಣ ಫೋನ್ ಮಾಡಿದ. ದನಿ ಭಾರವಾಗಿತ್ತು.

"ತಲೆ ಸಿಡೀತಿದೆ ಕಣೋ. ಒಂದ್ಸಲ ವಾಂತಿಯಾಯ್ತು. ನಿಮ್ಮತ್ತಿಗೆ ಮಜ್ಜಿಗೆ ಕೊಟ್ಟಿದಾಳೆ. ನನ್ನ ಹೆಸರು ಹಾಕಿದ್ಯಾ?"

"ಇಲ್ಲ ಅಣ್ಣ. ಹಾಕೋ ಹಾಗಿಲ್ಲ."

"ಅಚ್ಛಾ. ಸರಿ ಬಿಡು. ಗೋಲು ಹಾಕಿದೀಯಲ್ಲ, ಅಷ್ಟು ಸಾಕು."

ಮರುದಿನ ಬೆಳಿಗ್ಗೆ ಅವನಿಗೆ ಎಚ್ಚರ ತಪ್ಪಿತು. ಆಸ್ಪತ್ರೆ ತಲುಪಿದ ಒಂದು ಗಂಟೆಯಲ್ಲಿ ಹೋದ. ಬಿಸಿಲಿನ ಹೊಡೆತ, ಹೃದಯ ತಡೆಯಲಿಲ್ಲ ಎಂದರು ಡಾಕ್ಟರು. ನಮ್ಮ ಪತ್ರಿಕೆ ವಿಮಾನದಲ್ಲಿ ದೆಹಲಿಗೆ ಬರುತ್ತಿದ್ದುದು ತಡವಾಗಿ. ನನ್ನ ವರದಿ ಅಚ್ಚಾದ ಪುಟವನ್ನು ನಾನು ನೋಡಿದ್ದು ಚಿತಾಭಸ್ಮ ಆಯ್ದುಕೊಂಡು ಬಂದ ಮೇಲೆ.

ಸೋಮವಾರ ಮ್ಯಾನೇಜರ್ ಮನೆಗೆ ಬಂದು ಅತ್ತಿಗೆಗೆ ಕೈ ಮುಗಿದರು. "ಬೆಹೆನ್‌ಜೀ, ಎಲ್ಲ ನಾನು ನೋಡಿಕೊಳ್ತೀನಿ" ಎಂದರು. ಮೂರು ವಾರದ ನಂತರ ಕಚೇರಿಯಿಂದ ಪತ್ರ ಬಂತು. ಹಿಂದಿಯಲ್ಲಿತ್ತು. ಅತ್ತಿಗೆ ಅದನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟರು. ಸಾಂದರ್ಭಿಕ ರಜೆಯಲ್ಲಿದ್ದಾಗ ಅಸ್ವಸ್ಥರಾಗಿ ಮರುದಿನ ನಿಧನ, ಎಂದಿತ್ತು.

"ರಜೆ ಹಾಕಿ ಮನೇಲಿ ಮಲಗಿದ್ರಾ ಇವರು? ರಜೆಯಲ್ಲಿ ಸತ್ತವರ ಮನೆಯವರು ಅನುಕಂಪದ ಕೆಲಸಕ್ಕೆ ವರ್ಷಗಟ್ಟಲೆ ಕಾಯಬೇಕಂತೆ, ಕಾಯ್ತೀನಿ. ಆದ್ರೆ ಇದು ಸುಳ್ಳು. ಇದನ್ನ ತಿದ್ದಿಸಿಕೊಡು. ನಿನ್ನ ಹತ್ರ ನಾನು ಬೇರೇನೂ ಕೇಳಲ್ಲ" ಎಂದರು. ಎಂಟು ವರ್ಷದ ಮಗಳು ಪಕ್ಕದಲ್ಲಿ ನಿಂತು, "ಚಿಕ್ಕಪ್ಪ, ಪಪ್ಪಾ ತೋ ಮ್ಯಾಚ್ ಖೇಲ್ನೇ ಗಯೇ ಥೇ ನಾ?" ಎಂದಳು. ಮ್ಯಾಚ್ ಆಡೋಕೆ ತಾನೇ ಹೋಗಿದ್ದು? ಅದು ಮಗುವಿಗೂ ಗೊತ್ತಿತ್ತು.

ಪತ್ರ ಹಿಡಿದು ಅಣ್ಣನ ಕಚೇರಿಗೆ ಹೋದರೆ ಮ್ಯಾನೇಜರ್ ಈಗ ನನ್ನನ್ನು ಕೂರಿಸಿ ಮಾತಾಡಲಿಲ್ಲ, ಕಾರಿಡಾರಿನಲ್ಲೇ ನಿಲ್ಲಿಸಿದರು. "ನಾನು ಬರೆದುಕೊಟ್ಟರೆ ಪಟ್ಟಿಯಲ್ಲಿ ಇಲ್ಲದವನನ್ನು ಯಾಕೆ ಆಡಿಸಿದೆ ಅಂತ ಕೇಳ್ತಾರೆ. ಪಂದ್ಯವೇ ರದ್ದಾಗುತ್ತೆ. ಹತ್ತು ಜನ ಹುಡುಗರ ಭವಿಷ್ಯ ನೋಡಿ" ಎಂದರು. ಸತ್ತವನ ಹೆಂಡತಿಯ ಭವಿಷ್ಯ ನೋಡುವುದು ಯಾರ ಕೆಲಸವೆಂದು ಕೇಳಿದೆ. "ಆಪ್ ತೋ ಪಡೇ ಲಿಖೇ ಹೈಂ" ಎಂದು ಹೇಳಿ ಒಳಗೆ ಹೋದರು. ಓದು ಬರಹ ಬಲ್ಲವನು ಅರ್ಥ ಮಾಡಿಕೊಳ್ಳಬೇಕು, ಎಂದು. ಅರ್ಥವೇನೋ ಆಗಿತ್ತು. ಆ ಗೋಡೆಯ ಮೇಲೆ ಆಗಲೇ ಗೆದ್ದ ತಂಡದ ಫೋಟೋ ತೂಗುಹಾಕಿದ್ದರು. ಕೆಳಗೆ ಎರಡು ಗೋಲು ಹೊಡೆದವನೆಂದು ಕಾಲು ಉಳುಕಿದ್ದವನ ಹೆಸರು. ಅಣ್ಣ ಆ ಫೋಟೋದಲ್ಲಿ ಇಲ್ಲ, ಅದನ್ನು ತೆಗೆದದ್ದು ಟೂರ್ನಿಗೆ ಮುಂಚೆ.

ಆ ಸೋನಿಪತ್ ಹುಡುಗನೂ ಒಂದು ಭಾನುವಾರ ಮನೆಗೆ ಬಂದ. ಬಾಗಿಲಲ್ಲೇ ಅತ್ತುಬಿಟ್ಟ. ಭಾಬೀಜೀ, ಆ ಗೋಲು ನನ್ನದಲ್ಲ, ಇಡೀ ಮೈದಾನಕ್ಕೆ ಗೊತ್ತು, ಎಂದ. ಹಾಗಾದರೆ ಅದನ್ನೇ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡು ಎಂದೆ. ತಲೆ ತಗ್ಗಿಸಿದ. ನೌಕರಿ ಇನ್ನೂ ಖಾಯಂ ಆಗಿಲ್ಲ ಎಂದ.

ಅತ್ತಿಗೆ ಅವನಿಗೆ ಚಹಾ ಕೊಟ್ಟು ಕೇಳಿದರು: "ಕಾಲು ಈಗ ಹೇಗಿದೆಯಪ್ಪಾ? ನಡೆದಾಡೋಕೆ ಆಗುತ್ತಾ?"

ಚಹಾ ಹಾಗೇ ಬಿಟ್ಟು ಎದ್ದುಹೋದ. ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಬೆಳಗಿನಿಂದ ಮೈದಾನ ಹಿಡಿದುಕೊಂಡು ಆಡಿದವರ ಮೇಲಿದೆ. ಹನ್ನೊಂದು ಜನರನ್ನು ಮೇ ತಿಂಗಳ ಬಿಸಿಲಿಗೆ ಬಿಟ್ಟು ಊಟ ಮಾಡಿ ಹೊರಟವರ ಮೇಲಿದೆ. ಅವರಲ್ಲಿ ಒಬ್ಬರಿಗೂ ಒಂದು ನೋಟಿಸ್ ಹೋಗಲಿಲ್ಲ.

ಕಚೇರಿಯ ಕಲ್ಯಾಣ ವಿಭಾಗದಲ್ಲಿ ಒಬ್ಬ ಹಿರಿಯ ಗುಮಾಸ್ತರಿದ್ದರು, ಅಣ್ಣನ ಮೇಲೆ ಪ್ರೀತಿಯಿದ್ದವರು. ಅವರು ಮೆಲ್ಲಗೆ ಒಂದು ದಾರಿ ಹೇಳಿದರು. "ಪೇಪರ್ ಕಟಿಂಗ್ ಇದ್ದರೆ ತನ್ನಿ. ಆ ದಿನದ ಪಂದ್ಯ, ಇವರ ಹೆಸರು, ಅಷ್ಟಿದ್ದರೆ ನಾನು ಫೈಲಿನಲ್ಲಿ ಟಿಪ್ಪಣಿ ಬರೆಯಬಲ್ಲೆ. ಯಾವ ಭಾಷೆಯದಾದರೂ ಆಗುತ್ತೆ."

ಆ ಪಂದ್ಯದ ಸುದ್ದಿ ಬೇರೆ ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲ. ಬಂದದ್ದು ನಮ್ಮದರಲ್ಲಿ ಮಾತ್ರ. ನಾನು ಆ ಪುಟವನ್ನು ಕಿದ್ವಾಯಿ ನಗರಕ್ಕೆ ತೆಗೆದುಕೊಂಡು ಹೋದೆ. ಅತ್ತಿಗೆ ಕಿಟಕಿಯ ಬೆಳಕಿಗೆ ಹಿಡಿದು ಓದಿದರು.

"ನೀನೇ ಬರೆದದ್ದಲ್ವಾ ಇದು?"

"ಹೂಂ."

"ನಿಮ್ಮಣ್ಣನ ಹೆಸರೆಲ್ಲಿ?"

ನಾನು ನಿಯಮ ಹೇಳಲು ಶುರು ಮಾಡಿದೆ. ಅವರು ಪುಟ ಮಡಚಿ ನನ್ನ ಮುಂದಿಟ್ಟು ಅಡುಗೆಮನೆಗೆ ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಬ್ಯೂರೋ ಮುಖ್ಯಸ್ಥರ ಹತ್ತಿರ ಹೋಗಿ ಒಂದು ತಿದ್ದುಪಡಿ ಹಾಕಿಸಿ ಎಂದು ಕೇಳಿದೆ. ಎರಡು ಸಾಲು ಸಾಕು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಪ್ಪಾ, ಅಧಿಕೃತ ಪಟ್ಟಿಯಲ್ಲಿ ಬೇರೆ ಹೆಸರಿದೆ. ನಾಳೆ ಯಾರಾದ್ರೂ ಕೋರ್ಟಿಗೆ ಹೋದ್ರೆ? ಅದೂ ಅಲ್ಲದೆ ನಿನ್ನ ಸ್ವಂತ ಅಣ್ಣ. ನಿಯಮ ನಿನಗೇ ಗೊತ್ತಲ್ಲ."

ಆ ವಾರದ ಕ್ರೀಡಾಪುಟದಲ್ಲಿ ನಮ್ಮ ಮಾಲೀಕರ ಮೊಮ್ಮಗನ ಫೋಟೋ ಬಂದಿತ್ತು. ಶಾಲಾ ಕ್ರಿಕೆಟ್ಟಿನಲ್ಲಿ ಯಾವುದೋ ಕಪ್ಪು ಹಿಡಿದು ನಿಂತಿದ್ದ, ಮೂರು ಕಾಲಮ್ಮಿನಲ್ಲಿ, ಹೆಸರು ಸಹಿತ. ಪುಟವನ್ನು ಅವರ ಮುಂದೆ ಹರಡಿ, ಇದು ಯಾರ ಕೈಯಿಂದ ಅಚ್ಚಾಯಿತು ಸಾರ್ ಎಂದೆ. ಆ ಕಚೇರಿಯಲ್ಲಿ ನಾನು ದನಿಯೆತ್ತಿದ್ದು ಅದೊಂದೇ ಸಲ. ಅವರು ಕನ್ನಡಕ ಹಾಕಿಕೊಂಡು ಪುಟವನ್ನು ಪಕ್ಕಕ್ಕೆ ಸರಿಸಿದರು. ತಿದ್ದುಪಡಿ ಬರಲಿಲ್ಲ. ನನ್ನಂಥ ಟೈಪಿಸ್ಟರಿಗೆ ಮಾತ್ರ ಕಲಿಸುವ ನಿಯಮವನ್ನು ನಾನು ಅಷ್ಟು ವರ್ಷ ವ್ರತದಂತೆ ಪಾಲಿಸಿದ್ದೆ.

ಮಾಹಿತಿ ಹಕ್ಕಿನ ಕಾಯ್ದೆ ಆಗ ಹೊಸದಾಗಿ ಬಂದಿತ್ತು. ಅರ್ಜಿ ಹಾಕಿದೆ. ಆ ದಿನ ಒಂಬತ್ತು ನಂಬರ್ ಜರ್ಸಿಯಲ್ಲಿ ಆಡಿದವರು ಯಾರು, ಮೈದಾನವನ್ನು ಮಧ್ಯಾಹ್ನದವರೆಗೆ ಕ್ರಿಕೆಟ್ಟಿಗೆ ಕೊಟ್ಟವರು ಯಾರು, ಎರಡೇ ಪ್ರಶ್ನೆ. ಮೊದಲನೆಯದಕ್ಕೆ ಪಟ್ಟಿಯ ನಕಲು ಕಳಿಸಿದರು. ಎರಡನೆಯದಕ್ಕೆ, ಅಂಥ ಕ್ರಿಕೆಟ್ ಪಂದ್ಯ ನಡೆದ ದಾಖಲೆ ಇಲ್ಲ ಎಂದರು. ಮೇಲ್ಮನವಿ ಹಾಕಿದೆ. ಅದಕ್ಕೂ ಅದೇ ಉತ್ತರ, ಬೇರೆ ಸಹಿ.

ಅತ್ತಿಗೆ ಕ್ವಾರ್ಟರ್ಸ್ ಬಿಟ್ಟು ಮಗಳನ್ನು ಕರೆದುಕೊಂಡು ಮುನಿರ್ಕಾಕ್ಕೆ, ನನ್ನ ಕೋಣೆಯ ಕೆಳಗಿನ ಮಹಡಿಗೆ ಬಂದರು. ವಸಂತ್ ಕುಂಜ್‌ನ ಒಂದು ಶಾಲೆಯ ಕಚೇರಿಯಲ್ಲಿ ಕೆಲಸ ಹಿಡಿದರು. ನನ್ನೊಂದಿಗೆ ಮಾತು ಬಿಟ್ಟಿಲ್ಲ. ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಾರೆ. ಆದರೆ ನಮ್ಮ ಪತ್ರಿಕೆಯನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ.

ಇದನ್ನು ಬರೆಯುವ ಮುಂಚೆ ಅವರನ್ನು ಕೇಳಿದೆ, ಈಗಲಾದರೂ ಅಣ್ಣನ ಹೆಸರು ಹಾಕಲೇ ಎಂದು.

"ನಿನ್ನ ಬರಹದಲ್ಲಿ ಈಗ ಹಾಕಿದ್ರೆ ಯಾರಿಗೆ ಏನು ಬಂತು? ಮೊದಲು ಅವರ ಫೈಲಲ್ಲಿ ಬರಲಿ" ಎಂದರು.

ಅದಕ್ಕೇ ಇಲ್ಲಿ ಹಾಕಿಲ್ಲ. ಕಳೆದ ತಿಂಗಳು ಮತ್ತೊಂದು ಅರ್ಜಿ ಕೊಟ್ಟು ಬಂದೆ. ಅಣ್ಣನ ಸೇವಾ ಪುಸ್ತಕದಲ್ಲಿ ಆ ಶುಕ್ರವಾರದ ಮುಂದೆ ಇವತ್ತಿಗೂ ರಜೆ ಎಂದೇ ಇದೆ. ಅವನು ಆ ದಿನ ಆಡಿದ್ದ ಎಂದು ಹೇಳುವ ಒಂದು ಸಾಲು ಯಾವ ಕಾಗದದಲ್ಲೂ ಇನ್ನೂ ಇಲ್ಲ.