ಸೊನ್ನೆಯಲ್ಲಿ ನಿಂತ ಮುಳ್ಳು

ನನ್ನ ಕಾರಿನ ಬಗ್ಗೆ ಯಾರಾದರೂ ನನ್ನ ಗಂಡನನ್ನು ಪ್ರಶ್ನೆ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕಾರು ನನ್ನದು. ಅದರ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಬೂಸ್ಟ್ ಗೇಜು ಕೂರಿಸಿದವಳೂ ನಾನೇ. ಟರ್ಬೊ ಎಂಜಿನ್ನಿಗೆ ಗಾಳಿ ಎಷ್ಟು ಒತ್ತಡದಲ್ಲಿ ನುಗ್ಗುತ್ತಿದೆ ಎಂದು ತೋರಿಸುವ, ಬಳೆಯಷ್ಟು ಅಗಲದ ಮೀಟರು ಅದು. ಮೈಸೂರಿನ ಕಾರ್ಖಾನೆಯಲ್ಲಿ ಆರು ವರ್ಷ ಇಂಥ ಪ್ರೆಶರ್ ಗೇಜುಗಳನ್ನೇ ಪರೀಕ್ಷೆ ಮಾಡಿದವಳು ನಾನು. ಬ್ರಿಸ್ಬೇನಿಗೆ ಬಂದ ಮೇಲೂ ಅದೇ ಕೆಲಸ. ನನ್ನ ಗಂಡ ಸಾಫ್ಟ್‌ವೇರಿನವನು. ಬಾನೆಟ್ ತೆಗೆಯುವ ಲಿವರ್ ಎಲ್ಲಿದೆ ಎಂದು ಅವನಿಗೆ ಗೊತ್ತಾದದ್ದೇ ಆ ವರ್ಷದ ಆಯುಧಪೂಜೆಯಲ್ಲಿ, ಮಂಗಳಾರತಿ ತಟ್ಟೆ ಹಿಡಿದು ನಿಂತಾಗ.

ಪೂಜೆಯ ಮಾರನೆಯ ದಿನವೇ ಗೇಜು ಕೆಟ್ಟಿತು. ಕಾರೇನೋ ಎಂದಿನಂತೆ ಓಡುತ್ತಿತ್ತು, ಆದರೆ ಸೊನ್ನೆಯಲ್ಲಿ ನಿಂತ ಮುಳ್ಳು ಅಲ್ಲಾಡಲೇ ಇಲ್ಲ.

ಆ ಭಾನುವಾರ ಫಾರೆಸ್ಟ್ ಲೇಕ್‌ನ ಕೆರೆ ದಂಡೆಯಲ್ಲಿ ನಮ್ಮ ಕನ್ನಡದವರ ಬಾರ್ಬಿ, ಅಂದರೆ ಬಯಲಲ್ಲೇ ಸುಟ್ಟು ಬೇಯಿಸಿ ತಿನ್ನುವ ಕೂಟ. ನಾವು ಕ್ಯಾಲಮ್‌ವೇಲ್‌ನ ನಮ್ಮ ಮನೆಯಿಂದ ಬಿಸಿಬೇಳೆಬಾತ್ ಮಾಡಿಕೊಂಡು ಹೋಗಿದ್ದೆವು. ಅಲ್ಲೇ ಹತ್ತಿರ ಮನೆಯಿರುವ ಅಂಕಲ್ ಒಬ್ಬರಿಗೆ ಕಾರಿನ ವಿಷಯದಲ್ಲಿ ತಾವೇ ಪಂಡಿತರೆಂಬ ನಂಬಿಕೆ. ತಮ್ಮ ಕಾರಿನ ಮೂಲ ಮೀಟರುಗಳನ್ನೆಲ್ಲ ತೆಗೆಸಿ ಬಣ್ಣಬಣ್ಣದ ಡಿಜಿಟಲ್ ಕ್ಲಸ್ಟರ್ ಹಾಕಿಸಿದ್ದರು. ಅದು ಪೆಟ್ರೋಲ್ ಟ್ಯಾಂಕ್ ಸದಾ ತುಂಬಿದೆ ಎನ್ನುತ್ತಿತ್ತು. ಅದನ್ನು ನಂಬಿ ಒಂದು ಸಲ ನಡುದಾರಿಯಲ್ಲಿ ನಿಂತು, ಸರ್ವೋಗೆ, ಅಂದರೆ ಪೆಟ್ರೋಲ್ ಬಂಕಿಗೆ, ನಡೆದುಕೊಂಡು ಹೋಗಿ ಪೆಟ್ರೋಲ್ ತಂದ ಮಹಾನುಭಾವರು, ನನ್ನ ಕಾರಿನೊಳಗೆ ಇಣುಕಿದರು.

“ಏನಪ್ಪಾ, ನಿನ್ ಗೇಜ್ ಸತ್ತೋಗಿದ್ಯಲ್ಲ?” ಎಂದು ನನ್ನ ಗಂಡನನ್ನು ಕೇಳಿದರು.

“ನಾನೇ ಹಾಕಿದ್ದು ಅಂಕಲ್. ನೋಡ್ತೀನಿ,” ಎಂದೆ.

“ವೈರಿಂಗ್ ಪ್ರಾಬ್ಲಮ್ಮು,” ಎಂದು ಮತ್ತೆ ಅವನಿಗೇ ಹೇಳಿದರು. “ಮನೇಲಿ ಮಾಡ್ಕೊಂಡ್ರೆ ಇಷ್ಟೇ. ಶನಿವಾರ ಆರ್ವೋ, ಊಟ ಆದ್ಮೇಲೆ ಮಧ್ಯಾಹ್ನ, ನಮ್ಮನೆಗೆ ತಗೊಂಡ್ ಬಾ. ಮೆಕ್ಯಾನಿಕ್‌ಗೆ ಹೇಳಿರ್ತೀನಿ, ಕಿತ್ತಾಕ್ಸಿಬಿಡೋಣ.”

ವೈರಿಂಗ್ ಅಂತೆ! ಆ ಮುಳ್ಳಿಗೆ ವೈರೇ ಇಲ್ಲ. ಎಂಜಿನ್ನಿನಿಂದ ಬರುವ ಒಂದು ರಬ್ಬರ್ ಟ್ಯೂಬು ಅದನ್ನು ಆಡಿಸುತ್ತದೆ. ವೈರು ಇರುವುದು ಒಳಗಿನ ದೀಪಕ್ಕೆ ಮಾತ್ರ. ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಹಾಗೆ ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ನನ್ನ ಗಂಡನೋ, “ಹೂಂ ಅಂಕಲ್, ನೋಡೋಣ,” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಜಗಳ.

“ದೊಡ್ಡೋರು, ಹೇಳಿದ್ರು. ಬಿಡೇ.”

“ನಿನ್ ಕೋಡ್ ಯಾರಾದ್ರೂ ಓದ್ದೇನೇ ಅಳಿಸಾಕ್ತೀನಿ ಅಂದ್ರೆ ಬಿಡ್ತೀಯಾ?”

ಕೆಲಸದ ಗಡಿಬಿಡಿಯಲ್ಲಿ ವಾರವೆಲ್ಲ ಗೇಜಿಗೆ ಕೈಯಿಡಲಾಗಲಿಲ್ಲ, ಕೋಪ ಮಾತ್ರ ಬೆಳೆಯುತ್ತಾ ಹೋಯಿತು.

ಶನಿವಾರ ಬೆಳಿಗ್ಗೆ ಕಾಫಿ ಕೂಡ ಕುಡಿಯದೆ ಕೆಲಸಕ್ಕೆ ಕೂತೆ. ಗೇಜಿನ ಹಿಂದಿನ ಟ್ಯೂಬು ಬಿಚ್ಚಿ, ಬೇರೆ ತುಂಡು ಟ್ಯೂಬು ಸಿಕ್ಕಿಸಿ, ಎಳನೀರು ಕುಡಿಯುವ ಹಾಗೆ ಬಾಯಿಂದ ಎಳೆದೆ. ಮುಳ್ಳು ತಟ್ಟನೆ ಸೊನ್ನೆಗಿಂತ ಕೆಳಗಿಳಿಯಿತು. ಗೇಜು ಸರಿಯಾಗಿದೆ! ಹಾಗಾದರೆ ತಪ್ಪಿರುವುದು ಟ್ಯೂಬಿನಲ್ಲಿ. ಬಾನೆಟ್ ಎತ್ತಿ, ಟ್ಯೂಬಿನುದ್ದಕ್ಕೂ ಬೆರಳು ಸವರುತ್ತಾ ಹೋದೆ. ಎಂಜಿನ್ನಿನ ಹಿಂದೆ, ಕಣ್ಣಿಗೆ ಕಾಣದ ಕಡೆ, ಬೆರಳಿಗೆ ಗಂಟು ಸಿಕ್ಕಿತು. ಹೂವಿನ ದಾರ. ಅದರಲ್ಲಿ ಒಣಗಿದ ಚೆಂಡುಹೂವಿನ ಎಸಳು.

ಕಟ್ಟಿದವಳು ನಾನೇ. ಪೂಜೆಯ ದಿನ ಎಂಜಿನ್ನಿಗೂ ಒಂದು ಮಾಲೆ ಇರಲಿ ಎಂದು, ಕೈಗೆ ಸಿಕ್ಕ ಟ್ಯೂಬಿಗೆ ಬಿಗಿದು ಗಂಟು ಹಾಕಿದ್ದೆ. ಮಾರನೆಯ ದಿನ ಹೂವು ಕಿತ್ತೆ, ದಾರ ಮರೆತೆ. ದಾರ ಟ್ಯೂಬಿನ ಕತ್ತು ಹಿಸುಕಿತ್ತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಸಿಟ್ಟು ಬಂತು. ಆ ಅಂಕಲ್ ಕೈಗೆ ಕೋಲು ಕೊಟ್ಟ ಹಾಗಾಯಿತಲ್ಲ!

ದಾರ ಕತ್ತರಿಸಿದೆ. ಟ್ಯೂಬು ಮೊದಲಿನಂತೆ ಉಬ್ಬಿತು. ಅದನ್ನು ಮತ್ತೆ ಗೇಜಿಗೆ ಸಿಕ್ಕಿಸಿ ಎಂಜಿನ್ ಶುರು ಮಾಡಿದೆ, ಮುಳ್ಳು ಆಡಿತು. ಸುಮ್ಮನೆ ಮನೆಯಲ್ಲಿರಬಹುದಿತ್ತು. ನನಗೆ ಮನಸ್ಸು ಒಪ್ಪಲಿಲ್ಲ. ಮಧ್ಯಾಹ್ನ ಗಂಡನನ್ನು ಕೂರಿಸಿಕೊಂಡು ಅಂಕಲ್ ಮನೆಗೆ ನಾನೇ ಕಾರು ಓಡಿಸಿದೆ. ಮೆಕ್ಯಾನಿಕ್ ಇನ್ನೂ ಬಂದಿರಲಿಲ್ಲ. ಅಂಕಲ್‌ಗೆ ಮುಳ್ಳು ಆಡುವುದನ್ನು ತೋರಿಸಿ, ದಾರವನ್ನೂ ಅಂಗೈ ಮೇಲಿಟ್ಟು, “ಪೂಜೆ ದಿನ ನಾನೇ ಕಟ್ಟಿದ್ದು. ವೈರಿಂಗ್ ಅಲ್ಲ,” ಎಂದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನನ್ನ ಗಂಡನ ಹೆಗಲ ಮೇಲೆ ಕೈ ಹಾಕಿ, “ಅಂತೂ ಕಂಡ್ಹಿಡಿದ್ಬಿಟ್ಟೆ ಕಣಯ್ಯಾ! ನನ್ ಕ್ಲಸ್ಟರ್ ನೋಡು, ಯಾವಾಗ್ಲೂ ಫುಲ್ ಟ್ಯಾಂಕ್ ಅನ್ನುತ್ತೆ. ಅದನ್ನೂ ಒಂಚೂರು ನೋಡ್ತೀಯಾ?” ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಆ ಕೈಯನ್ನು ಹೆಗಲಿನಿಂದ ಮೆಲ್ಲಗೆ ಇಳಿಸಿದ.

“ನಂಗೇನೂ ಗೊತ್ತಿಲ್ಲ ಅಂಕಲ್. ಅವಳನ್ನ ಕೇಳಿ.”

ಅಂಕಲ್ ನನ್ನ ಮುಖ ನೋಡಲಿಲ್ಲ. ನನ್ನ ಕಾರಿನ ಚಕ್ರ ನೋಡುತ್ತಾ, “ಒಂಚೂರು ನೋಡ್ತೀಯೇನಮ್ಮಾ?” ಎಂದರು.

“ಯಾರನ್ನ ಕೇಳಿದ್ದು ಅಂಕಲ್?” ಎಂದೆ.