ಹೊರಗೆ ಕೂರದ ನಾದಿನಿ

ನನ್ನ ನಾದಿನಿಯ ಕೈಕಾಲಿನ ಮೇಲೆ ಒಂದು ರೋಮವೂ ಇರಲಿಲ್ಲ. ಒಲೆ ಮುಂದೆ ಕೂತರೆ ಮೊಣಕೈ ತನಕ ಬೆಳಗಿಟ್ಟ ತಾಮ್ರದ ಚೊಂಬಿನ ಹಾಗೆ ಹೊಳೆಯುತ್ತಿತ್ತು. ಎತ್ತರವೂ ಹಾಗೇ. ಅಡಿಗೆಮನೆ ಬಾಗಿಲಲ್ಲಿ ನನ್ನ ಗಂಡ ನೆಟ್ಟಗೆ ನುಗ್ಗುತ್ತಿದ್ದ, ಅವನ ತಂಗಿ ತಲೆ ತಗ್ಗಿಸಬೇಕಿತ್ತು. ಬಾಗಲೂರು ಸಂತೆಯಲ್ಲಿ ಜನ ತಿರುಗಿ ನೋಡುವಂಥ ರೂಪ. ಆದರೆ ಹದಿನೇಳು ತುಂಬಿದರೂ ಮೈನೆರೆಯಲಿಲ್ಲ.

ಎಪ್ಪತ್ತರ ದಶಕದ ಮಾತು. ಅತ್ತೆಯೂ ನಾನೂ ಅವಳನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ತೆಗೆದು ಮತ್ತೆ ಬರಹೇಳಿದರು. ಎರಡನೇ ಸಲ ಡಾಕ್ಟರಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದರು: "ಇವಳಿಗೆ ಗರ್ಭಕೋಶ ಇಲ್ಲ. ಕ್ರೋಮೋಸೋಮು ನೋಡಿದರೆ ಗಂಡಿನದು. ಗಂಡು ಮಾಡುವ ಹಾರ್ಮೋನೂ ಒಳಗೆ ತಯಾರಾಗುತ್ತೆ. ಆದರೆ ಇವಳ ಮೈ ಅದನ್ನ ತಗೊಳ್ಳೋದೇ ಇಲ್ಲ. ತಾಯಿ ಹೊಟ್ಟೇಲಿದ್ದಾಗಿಂದ ಹೀಗೇ. ಅದಕ್ಕೇ ಹೆಣ್ಣಾಗಿ ಬೆಳೆದಿದಾಳೆ. ಇವಳು ಹೆಣ್ಣೇ. ಯಾರ ತಪ್ಪೂ ಇಲ್ಲ."

ಬಸ್ಸಿನಲ್ಲಿ ಅತ್ತೆ ಮುಖದ ಮೇಲೆ ಸೆರಗು ಎಳೆದುಕೊಂಡು, "ಗಂಡಂತೆ, ಗಂಡಂತೆ" ಎಂದು ಗೊಣಗುತ್ತಲೇ ಇದ್ದರು. ಕಿಟಕಿ ಪಕ್ಕ ಕೂತಿದ್ದ ಹುಡುಗಿ ಹೇಳಿದಳು: "ಅವ್ವಾ, ಹೆಣ್ಣೇ ಅಂತಾನೂ ಅಂದ್ರಲ್ಲ. ಅದು ಕೇಳುಸ್ಲಿಲ್ವಾ ನಿಂಗೆ?"

ಮದುವೆಯ ಮಾತು ಅಲ್ಲಿಗೆ ನಿಂತಿತು. ಅಡಿಗೆಮನೆ ಅವಳ ಪಾಲಿಗೆ ಬಂತು. ನಮ್ಮಲ್ಲಿ ಮುಟ್ಟಾದವರು ಮೂರು ದಿನ ಹಿತ್ತಲ ಚಪ್ಪರದಲ್ಲಿ ಕೂರಬೇಕು, ಒಲೆ ನೀರು ಮುಟ್ಟುವ ಹಾಗಿಲ್ಲ. ನಾನೂ ಕೂರುತ್ತಿದ್ದೆ, ನನ್ನ ವಾರಗಿತ್ತಿಯೂ ಕೂರುತ್ತಿದ್ದಳು. ಅವಮಾನವೇ ಅನ್ನಿ, ಆದರೂ ಬೆನ್ನು ನೆಲಕ್ಕೆ ತಾಗುತ್ತಿದ್ದದ್ದು ಆ ಮೂರು ದಿನವೇ. ಇವಳಿಗೆ ಅದೂ ಇಲ್ಲ. ಬೀದಿಯವರೂ ಹಬ್ಬಕ್ಕೆ ಕಡುಬು ಬೇಯಿಸಲು ಇವಳನ್ನೇ ಕರೆಯುತ್ತಿದ್ದರು, ಯಾವತ್ತೂ ಮಡಿ ಅಂತ. ಆರತಿ ಎತ್ತಲು ಮಾತ್ರ ಕರೆಯುತ್ತಿರಲಿಲ್ಲ.

ಒಂದು ರಾಗಿ ಕೊಯ್ಲಿನಲ್ಲಿ ನಾನು ಹೊರಗಾಗಿ ಚಪ್ಪರದಲ್ಲಿದ್ದೆ. ವಾರಗಿತ್ತಿ ತವರಿಗೆ ಹೋಗಿದ್ದಳು. ನಾದಿನಿ ಚಾಪೆ, ದಿಂಬು ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲೇ ಹಾಸಿ ಕೂತಳು.

"ನಾನೂ ಹೊರಗಾಗಿವ್ನಿ ಅತ್ತಿಗೆ."

ತಮಾಷೆ ಅಂದುಕೊಂಡು ನಕ್ಕೆ. ಅವಳು ನಗಲಿಲ್ಲ.

"ಸೊಂಟ ಬಿದ್ದೋಗೈತೆ. ಮೂರು ದಿನ ಕೂತ್ಕತೀನಿ. ನೀವೆಲ್ಲ ಕೂರಲ್ವಾ?"

ಒಳಗಿಂದ ಅತ್ತೆ ಕೂಗಿದರು: "ಕೊಯ್ಲಿನೋರ್ಗೆ ಮುದ್ದೆ ಯಾರೇ ತೊಳಸ್ತಾರೆ, ನಿಮ್ಮಪ್ಪಾನಾ?"

"ಕೂತಿರಲಿ ಬಿಡಿ, ಅತ್ತೆ" ಅಂದಿದ್ದರೆ ಸಾಕಿತ್ತು. ನಾನು ಅಂದದ್ದು: "ಮುಟ್ಟು ಬರಾಕೆ ನಿಂಗೇನೈತೆ ಅಂತ ಕೂತಿದೀಯೇ? ಎದ್ದೋಗು, ಜನ ನಕ್ಕಾರು."

ಅವಳು ಎದ್ದಳು. ಚಾಪೆ ಸುತ್ತಿದಳು. ನನ್ನ ಪಕ್ಕ ಕೂತಿದ್ದಕ್ಕೆ ಬಾವಿ ಕಟ್ಟೆಯಲ್ಲಿ ತಲೆಗೆ ತಣ್ಣೀರು ಸುರಿದುಕೊಂಡು ಹೋಗಿ ಒಲೆ ಹಚ್ಚಿದಳು. ಮಧ್ಯಾಹ್ನ ನನಗೂ ಮುದ್ದೆ ತಂದು ದೂರದಲ್ಲಿಟ್ಟಳು. "ಉಣ್ಣು ಅತ್ತಿಗೆ, ಆರೋಯ್ತದೆ." ಉಂಡೆ. ಗಂಟಲಲ್ಲಿ ಸಿಕ್ಕಿಕೊಳ್ಳಲೂ ಇಲ್ಲ. ಈಗ ನಾಚಿಕೆಯಾಗುವುದು ಅದಕ್ಕೇ ಹೆಚ್ಚು.

ಎಂಬತ್ತರ ದಶಕದ ಕೊನೆಗೆ ನನಗೆ ಮುಟ್ಟು ನಿಂತಿತು. ಒಂದು ದಿನ ಧೈರ್ಯ ಮಾಡಿ, "ಮೂರು ದಿನ ಸುಮ್ಕೆ ಕೂತ್ಕೊಳೇ, ನಾನು ಬೇಯಿಸ್ತೀನಿ" ಅಂದೆ. ಅವಳು ಮುಖ ತಿರುಗಿಸಲಿಲ್ಲ, ನಕ್ಕಳು.

"ಈಗ್ಯಾಕತ್ತಿಗೆ? ಈಗ ನೀನೂ ನನ್ನಂಗೇ ಆದ್ಯಲ್ಲ. ಬಾ, ಸೊಪ್ಪು ಸೋಸು."

ಮರುವರ್ಷ ಮಿದುಳು ಜ್ವರ ಬಂದು ಹೋಗಿಬಿಟ್ಟಳು. ಸ್ನಾನ ಮಾಡಿಸಿದವಳು ನಾನೇ. ನನ್ನ ಮೈಯಂಥದೇ ಮೈ.

ಸಮಾಧಿಗೆ ಹಾಲುತುಪ್ಪ ಬಿಡುವ ತನಕ ಸೂತಕದ ಮನೆಯಲ್ಲಿ ಒಲೆ ಹಚ್ಚಬಾರದು. ಪಕ್ಕದ ಮನೆಯವರು ಮುದ್ದೆ, ಸಾರು ತಂದಿಟ್ಟರು. ಮೂರು ದಿನ ಅವಳ ಒಲೆ ತಣ್ಣಗಿತ್ತು.